ಇಪ್ಪತ್ತೊಂದನೆಯದು

ಅರ್ಧ ಕೆತ್ತಿದ ಬೀಗದ ಕೈಯನ್ನು ಹಲ್ಲಲ್ಲಿ ಕಚ್ಚಿಕೊಂಡೇ
ಮಾತಾಡುವುದು ನನ್ನ ಮೂವತ್ತು ವರ್ಷದ ಚಾಳಿ.
ಕಲಾಸಿಪಾಳ್ಯದ ಫುಟ್‌ಪಾತಿನಲ್ಲಿ ಎರಡೂ ಕೈಗೆ ಕೆಲಸ,
ಮೂರನೆಯ ಕೈ ಬಾಯಿಯೇ.
ಹಾಗಾಗಿ ಮೊದಲ ಮಾತ್ರೆ ನುಂಗಿದ ಗಂಟೆಯೊಳಗೆ
ನಾಲಿಗೆಯೆಲ್ಲ ಹಿತ್ತಾಳೆಯಾದಾಗ
ಬಾಯೊಳಗೆ ಬೆರಳಿಟ್ಟು ತಡಕಿದೆ,
ಯಾವ ಗಿರಾಕಿಯದು ಮರೆತೆನೋ ಎಂದು.

ಹೊಟ್ಟೆಯ ಕಥೆ ಹೇಳುವುದಿಲ್ಲ.
ಬಸ್‌ಸ್ಟ್ಯಾಂಡಿನ ಶೌಚಾಲಯದ ನಂಜಯ್ಯ
ಚಿಲ್ಲರೆ ಕೇಳುವುದನ್ನೇ ಬಿಟ್ಟು
"ತಿಂಗಳ ಪಾಸು ಮಾಡಿಸಪ್ಪಾ" ಎಂದಿದ್ದ, ಅಷ್ಟು ಸಾಕು.

ಡಾಕ್ಟರಮ್ಮ ಲ್ಯಾಬಿನ ಚೀಟಿ ನೋಡಿ "ಅಮೀಬಾ" ಎಂದರು.
ಹೆಸರೇನೋ ಚೆನ್ನಾಗಿತ್ತು,
ಪಕ್ಕದ ಮನೆಯ ಹೆಣ್ಣುಕೂಸಿಗೆ ಇಡಬಹುದಾದಂಥದು.
"ಬೇರೆ ಯಾವ ಮಾತ್ರೆ ತಗೋತೀರಿ?"
ಯಾವುದೂ ಇಲ್ಲ ಎನ್ನಲಿದ್ದೆ.
ಯಾಕೋ ಜೇಬು ಬಗ್ಗಿಸಿದೆ: ತಿರುಪು, ಸ್ಪ್ರಿಂಗು,
ಕಾಲಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು
ಹೋದ ವರ್ಷ ದೊಡ್ಡಾಸ್ಪತ್ರೆಯಲ್ಲಿ ಬರೆದುಕೊಟ್ಟ ಪುಟ್ಟದೊಂದು.
ಅವರ ಪೆನ್ನು ನಿಂತಿತು.
"ಇವೆರಡೂ ಕೂಡಿದರೆ ರಕ್ತ ನಿಲ್ಲದೆ ಹರಿದೀತು" ಎಂದು
ಯಾರಿಗೋ ಫೋನು ಮಾಡಿ, ಹಳೆಯದರ ಅಳತೆ ಇಳಿಸಿ,
ಮೂರನೇ ದಿನ ರಕ್ತ ಪರೀಕ್ಷೆಗೆ ಬರಹೇಳಿದರು.
ಅದು ಜೇಬಿನಲ್ಲೇ ಉಳಿದಿದ್ದರೆ?

ಮೆಡಿಕಲ್ ಸ್ಟೋರಿನ ತಬಸ್ಸುಮ್ ಎರಡು ಸ್ಟ್ರಿಪ್ಪು ಎಣಿಸಿ
ಮೂರನೆಯದರಿಂದ ಒಂಟಿ ಮಾತ್ರೆಯೊಂದನ್ನು
ಕತ್ತರಿಯಲ್ಲಿ ಬಿಡಿಸಿ ಕೊಟ್ಟಳು.
ಏಳು ದಿನ, ಮೂರು ಹೊತ್ತು, ಉಂಡ ಮೇಲೆ.
"ಈ ಒಂಟಿಯೇ ಮುಖ್ಯ ಅಂಕಲ್, ಎಲ್ಲರೂ ಇದನ್ನೇ ಬಿಡೋದು.
ಒಂದು ಹೊತ್ತು ಮರೆತರೆ ಆಮೇಲೆ ಎರಡೆರಡು ನುಂಗಬೇಡಿ.
ಮತ್ತೆ..." ದನಿ ತಗ್ಗಿಸಿದಳು, "ಎಣ್ಣೆ?"
"ಶನಿವಾರ ಶನಿವಾರ."
"ಎರಡು ಶನಿವಾರ ಮರೆತುಬಿಡಿ. ಮಾತ್ರೆ ಮುಗಿದ ಮೇಲೂ ಮೂರು ದಿನ.
ಕೆಮ್ಮಿನ ಸಿರಪ್ಪನ್ನೂ ನನ್ನ ಕೇಳದೆ ಕುಡೀಬೇಡಿ."

ಆ ಶನಿವಾರವೇ ಬರಬೇಕೆ, ಗೇಬ್ರಿಯಲ್‌ನ ಮಗನ ರಿಸೆಪ್ಷನ್ನು!
ಲಿಂಗರಾಜಪುರದ ಹಾಲಿನಲ್ಲಿ ಗ್ಲಾಸು ತಾನಾಗಿಯೇ ಕೈಗೆ ಬಂತು.
ಬರೀ ಪೆಪ್ಸಿ ಎಂದು ಆಣೆ ಹಾಕಿದ ಅವನ ಭಾವಮೈದ.
ಮೂಸಿ ನೋಡಿ, ಗೋಡೆ ಬದಿಯ ಕ್ರೋಟನ್ ಗಿಡಕ್ಕೆ ಎರೆದೆ.
ಅದಕ್ಕೆ ಯಾವ ಕೋರ್ಸೂ ನಡೆಯುತ್ತಿರಲಿಲ್ಲವೆಂದು ನಂಬಿದ್ದೇನೆ.

ಅಷ್ಟರಲ್ಲಾಗಲೇ ಹೊಟ್ಟೆ ಸುಮ್ಮನಾಗಿತ್ತು.
ಚುರುಮುರಿ ಗಾಡಿಯ ಲಕ್ಕಮ್ಮ ಸೆರಗು ಚಾಚಿದಳು:
"ಹುಷಾರಾಗಿದ್ದೀಯಲ್ಲ, ಉಳಿದದ್ದು ಕೊಡು, ಮೊಮ್ಮಗೂಗೂ ಹಿಂಗೇ."
ಗೊಂಚಲಿನಿಂದ ಒಂದು ಕೀ ಕಿತ್ತು ಕೊಟ್ಟು
"ಇದರಲ್ಲಿ ನಿನ್ನ ಮನೆ ತೆಗೆದು ಬಾ" ಎಂದೆ.
ಸಿಟ್ಟಾದಳು. ಸರಿಯೇ,
ಮಗು ನರಳುವಾಗ ಒಗಟು ಯಾರಿಗೆ ಬೇಕು.
ಪೆಟ್ಟಿಗೆ ಮುಚ್ಚಿ, ಕೂಸನ್ನು ಹೆಗಲಿಗೆ ಹಾಕಿಕೊಂಡು
ಡಾಕ್ಟರಮ್ಮನ ಕ್ಯೂನಲ್ಲಿ ನಿಂತೆ. ಅರ್ಧ ದಿನದ ದುಡಿಮೆ ಹೋಯಿತು.
ಅದರ ಕಾಯಿಲೆಯೇ ಬೇರೆಯಂತೆ. ಬೇರೆ ತೂಕ, ಬೇರೆ ಬಾಟಲಿ.

ಏಳನೇ ರಾತ್ರಿ ಅನ್ನ ಸಾರು ಉಂಡು
ಕತ್ತರಿಸಿ ಕೊಟ್ಟ ಒಂಟಿಯನ್ನು ನುಂಗಿದೆ.
ಒಂಬತ್ತನೇ ದಿನ ಟೀ ಟೀಯಂತಿತ್ತು.

ಬೆಳಿಗ್ಗೆ ಯಾರೋ ಬೀರುವಿನ ಕೀ ತಂದರು.
ಅಭ್ಯಾಸಬಲ, ಬಾಯಿಗೆ ಎತ್ತಿದೆ, ತುಟಿಯ ಹತ್ತಿರ ನಿಂತಿತು.
ಇದನ್ನು ಯಾರ್‍ಯಾರು ಹಿಡಿದರೋ,
ಎಲ್ಲಿಂದ ಎದ್ದು ಬಂದು, ಯಾವ ಕೈ ತೊಳೆಯದೆ.
ನೀರು ನೀರು ಎಂದು ಟ್ಯಾಂಕರಿನವನನ್ನು
ಎಷ್ಟು ಬೈದಿದ್ದೆ ಪಾಪ.
ಕೀಯನ್ನು ಗೋಣಿತಾಟಿನ ಮೇಲಿಟ್ಟೆ.
"ಎಷ್ಟು ಹೊತ್ತಾಗುತ್ತೆ?" ಎಂದರು ಗಿರಾಕಿ.
ಖಾಲಿ ಬಾಯಲ್ಲಿ ಹೇಗೆ ಮಾತಾಡುವುದೋ ತಿಳಿಯದೆ
ಸುಮ್ಮನೆ ಅರ ಉಜ್ಜತೊಡಗಿದೆ.