ಈಗ ಕಾಣುತ್ತಾ?

ವಾರದ ಆರು ದಿನವೂ ನನ್ನದು ಒಂದೇ ಪ್ರಶ್ನೆ.
ಗಾಜು ಬದಲಿಸಿ, ಈಗ ಕಾಣುತ್ತಾ?
ಇನ್ನೊಂದು ಗಾಜು ಇಟ್ಟು, ಈಗ?
ಚಿಚೆವಾ ಭಾಷೆಯಲ್ಲಿ ನನಗೆ ನೆಟ್ಟಗೆ ಬರುವುದು ಆ ಒಂದೇ ಪದ:
ಮುಕುವೋನಾ?
ಊರು, ವಯಸ್ಸು, ಎಷ್ಟು ದಿನದಿಂದ ಮಂಜು,
ಉಳಿದ ಎಲ್ಲದಕ್ಕೂ ನರ್ಸ್ ಎನೆಲೆಸಿಯ ಬಾಯಿ ಬೇಕು.

ಓದು ಬಾರದವರಿಗೆಂದು ಗೋಡೆಯ ಮೇಲೆ
ಮೂರು ಕಾಲಿನ ಒಂದು ಗುರುತು.
ಕಾಲು ಯಾವ ಕಡೆಗೆ ಎಂದು ಅವರು
ಮೂರು ಬೆರಳು ಚಾಚಿ ತೋರಿಸಬೇಕು,
ಮೇಲೆ, ಎಡಕ್ಕೆ, ಕೆಳಗೆ.
ನಿನ್ನೆ ಅಜ್ಜಿ ಅಬಿಟಿ ಸುಮೈಲಿ ಬೆರಳು ಚಾಚಿದ್ದು
ಗೋಡೆಗಲ್ಲ, ನನಗೆ:
ನಾಳೆ ದುಡ್ಡು ಕೊಟ್ಟು ಆನೆ ನೋಡಲು ಹೋಗುತ್ತೀಯಂತೆ?
ನನ್ನ ಮೆಕ್ಕೆಜೋಳದೊಳಗೆ ಅದು ಪುಕ್ಕಟೆ ಬಂದಿತ್ತು.
ಎನೆಲೆಸಿ ಅರ್ಥ ಹೇಳುವ ಮೊದಲೇ
ಸಾಲಿಗೆ ಸಾಲೇ ನಕ್ಕಿತು.

ಹಾಗಾಗಿ ಈ ಭಾನುವಾರ
ಶೀರೆ ನದಿಯ ಮೇಲೆ, ತಗಡಿನ ದೋಣಿಯಲ್ಲಿ,
ತಲೆಗೆ ಟವೆಲು ಸುತ್ತಿದ ನಾನು, ಮತ್ತು ಬ್ವನಾಲಿ.
ಚೀಲದಲ್ಲಿ ಎರಡು ಬೇಯಿಸಿದ ಮೊಟ್ಟೆ. ಉಪ್ಪು ಮರೆತಿದೆ.
ಇವತ್ತು ಯಾರ ಕಣ್ಣನ್ನೂ ಪರೀಕ್ಷಿಸುವುದಿಲ್ಲವೆಂದು
ನನಗೆ ನಾನೇ ಆಣೆ ಹಾಕಿಕೊಂಡಿದ್ದೇನೆ.

ಬ್ವನಾಲಿ ಮೋಟಾರು ಆರಿಸಿ, ಗಲ್ಲ ಎತ್ತಿ, ಆಚೆ ದಡ ತೋರಿಸುತ್ತಾನೆ:
ಮುಕುವೋನಾ?
ಇಲ್ಲ. ಆಪು, ಬಿಸಿಲು, ನೀರು.
ಅಲ್ಲಿ, ಒಣಗಿದ ಕೊಂಬೆ, ತುದಿಯಲ್ಲಿ ಗಂಟು.
ಗಂಟು ಕಂಡಿತು, ಅದರಲ್ಲೇನು?
ಗಂಟು ರೆಕ್ಕೆ ಬಿಚ್ಚಿ, ನೀರಿಗೆರಗಿ,
ಮಿಲಮಿಲ ಒದ್ದಾಡುವ ಮೀನನ್ನು ಎತ್ತಿಕೊಂಡು ಹೋದ ಮೇಲೆ
ಓ, ಎನ್ನುತ್ತೇನೆ.

ಹೀಗೇ ನಡೆಯಿತು ಬೆಳಗಿನ ಪಾಠ.
ಬಂಡೆ ಎಂದುಕೊಂಡದ್ದು ಆಕಳಿಸಿತು: ನೀರಾನೆ,
ಗುಲಾಬಿ ಬಾಯಿ, ಸವೆದ ಹಾರೆಯಂಥ ಹಲ್ಲು.
ದಡಕ್ಕೆ ಸಿಕ್ಕ ದಿಮ್ಮಿ ಎಂದುಕೊಂಡದ್ದಕ್ಕೆ
ರೆಪ್ಪೆ ಇತ್ತು.
ಕೆಸರಿನ ಅಂಚಿನಲ್ಲಿ ಮಾತ್ರ ನಾನೇ ಮೊದಲು ಕಂಡೆ,
ಕೊಕ್ಕರೆ ನಡೆದು ಹೋದ ಗುರುತು:
ಮೂರು ಬೆರಳು ಮೇಲೆ, ಮೂರು ಬೆರಳು ಎಡಕ್ಕೆ.
ಗೋಡೆ ಇಳಿದು ನನ್ನ ಹಿಂದೆಯೇ ಬಂದಿದೆ, ಕಳ್ಳ!

ಆಮೇಲೆ ಆನೆ.
ಅದಕ್ಕೆ ಯಾರೂ ಬೆರಳು ತೋರಿಸಬೇಕಿಲ್ಲ.
ಹನ್ನೊಂದು, ಒಂದರ ಹಿಂದೊಂದು ನೀರಿಗಿಳಿದವು.
ಮರಿಯೊಂದು, ಸೊಂಡಿಲಿಂದ ಏನು ಮಾಡಬೇಕೆಂದು ತಿಳಿಯದೆ
ತನ್ನದನ್ನು ತಾನೇ ತುಳಿದುಕೊಂಡಿತು.
ನಕ್ಕೆ, ಜೋರಾಗಿ. ಮೂರು ತಿಂಗಳಲ್ಲಿ ಮೊದಲ ಸಲ,
ಯಾರಿಗೂ ಧೈರ್ಯ ಹೇಳಲಿಕ್ಕಲ್ಲದ ನಗು.
ತಾಯಿ ಆಪನ್ನು ಬುಡಸಮೇತ ಕಿತ್ತು,
ಮೊಣಕಾಲಿಗೆ ಬಡಿದು ಮಣ್ಣು ಉದುರಿಸಿ
ಬಾಯಿಗಿಟ್ಟಿತು. ಎಂಥ ಅಚ್ಚುಕಟ್ಟು.
ಅಬಿಟಿ ಸುಮೈಲಿಯ ಜೋಳವನ್ನೂ ಹೀಗೇ ತಿಂದಿರಬೇಕು.
ನಗು ಅಲ್ಲೇ ತುಸು ಎಡವಿತು. ನಿಲ್ಲಲಿಲ್ಲ.

ಮರಳಿ ಬಂದಾಗ ಗೇಟಿನ ಪುಸ್ತಕದಲ್ಲಿ
ರಸೀದಿಯ ಸಂಖ್ಯೆ ಬರೆಯಬೇಕಿತ್ತು.
ಬ್ವನಾಲಿ ಚೀಟಿಯನ್ನು ತೋಳುದ್ದ ಹಿಡಿದ. ಇನ್ನೂ ದೂರ.
ಕತ್ತು ಹಿಂದಕ್ಕೆ. ಬಿಸಿಲಿಗೆ ತಿರುಗಿಸಿದ.
ಆಚೆ ದಡದ ಹಕ್ಕಿಯ ಕೊಕ್ಕಿನ ಬಣ್ಣ ಹೇಳಿದವನು
ತನ್ನ ಕೈಯೊಳಗಿನ ನಾಲ್ಕು ಅಂಕಿಗೆ ಸೋತು
ಅತ್ತಿತ್ತ ನೋಡಿದ.
ಆ ನೋಟ ನನಗೆ ಗೊತ್ತು. ಅದಕ್ಕೆ ವಯಸ್ಸು ನಲವತ್ತೈದು.

ಆಣೆ ಮುರಿದೆ. ಚೀಲದ ತಳದಲ್ಲಿ, ಮೊಟ್ಟೆಯ ಸಿಪ್ಪೆಯ ಜೊತೆ
ಒಂದೂವರೆ ನಂಬರಿನ ಕನ್ನಡಕ.
ಮುಕುವೋನಾ?
ಅಂಕಿ ಓದಿದ. ರಸೀದಿ ತಿರುಗಿಸಿ ಬೆನ್ನೂ ಓದಿದ,
ನಿಯಮ, ದಂಡ, ಅಚ್ಚು ಹಾಕಿದವರ ವಿಳಾಸ.
ಉಗುರಿನ ಸಂದಿಯ ಎಣ್ಣೆ ಕಂಡು ನಾಚಿದ.
ಆಮೇಲೆ ನದಿಯ ಕಡೆ ತಲೆ ಎತ್ತಿ ಬೆಚ್ಚಿಬಿದ್ದ:
ಆನೆಗಳು ಕಲಸಿಹೋಗಿದ್ದವು.
ತಟ್ಟನೆ ತೆಗೆದು, ಜೇಬಿಗಿಟ್ಟು, ಗುಂಡಿ ಹಾಕಿ,
ಇದು ಕಾಗದಕ್ಕೆ, ಎಂದ.
ಅದನ್ನು ನನಗೆ ಬಿಡು.

ನಾಳೆ ಅಬಿಟಿ ಸುಮೈಲಿ ಎಲ್ಲರಿಗಿಂತ ಮೊದಲೇ ಬಂದು ಕೂರುತ್ತಾಳೆ.
ಕಂಡಿತಾ, ಎಂದು ಕೇಳುತ್ತಾಳೆ.
ಕಂಡಿತು ಎನ್ನುತ್ತೇನೆ.
ಮಣ್ಣು ಕೊಡವಿಕೊಂಡೇ ತಿನ್ನುತ್ತದೆ ಎನ್ನಬೇಕೋ ಬೇಡವೋ,
ಎನೆಲೆಸಿಯನ್ನು ಒಂದು ಮಾತು ಕೇಳಬೇಕು.