ಜಾಳಿಗಿ ಇಲ್ಲದ ರಿಂಗು

ಬಾಗಲಕೋಟಿ ನವನಗರ, ಸಿಮೆಂಟಿನ ಅಂಗಳ, ಮುಂಜಾನೆ ಆರೂವರಿ.
ರಿಂಗಿಗೆ ಜಾಳಿಗಿ ಇಲ್ಲ. ಬಿತ್ತು, ಬಿದ್ದಿಲ್ಲ ಅಂತ
ದಿನಾ ಒಂದು ಜಗಳ.

ಹನ್ನೊಂದು ಹುಡುಗರು. ಚೆಂಡು ಒಂದು ಬಿಟ್ಟರ ಸಾಕು,
ಬೆಲ್ಲದ ಹೆಂಟಿಗೆ ಇರಿವಿ ಮುತ್ತಿದಂಗ
ಎಲ್ಲಾರೂ ಅದರ ಮ್ಯಾಲೇ.
ನಡಬರಕ ಗುರುಪಾದ ಅಳಾಕತ್ತಾನ;
ಚೆಂಡು ಯಾವಾಗೋ ಹೊರಗ ಉರುಳಿ
ಗಟಾರದ ದಂಡಿಗೆ ಹೋಗಿ ಕುಂತೈತಿ.

ಸೀಟಿ ಊದಿದೆ. ಸೀಮೆಸುಣ್ಣಲೆ ಐದು ಚೌಕ ಬರದೆ.
"ಇವು ಐದು ಪ್ಲಾಟು. ಒಂದರಾಗ ಇಬ್ಬರು ಇರಂಗಿಲ್ಲ.
ಚೆಂಡು ಕೊಟ್ಟವರು ನಿಂತು ನೋಡಬ್ಯಾಡ್ರಿ,
ರಿಂಗಿನ ಕಡೆ ಓಡ್ರಿ."

ಅಫ್ರೀನ ಕೇಳಿದಳು:
"ನನಗ ವಾಪಸ್ ಬರಲಿಲ್ಲಂದ್ರ, ಮೇಡಂ?"
ಬರದಿದ್ದರೂ ಓಡು. ನಿನ್ನ ಬೆನ್ನ ಹತ್ತತಾರ,
ಅಷ್ಟರಾಗ ದಾನೇಶ್ವರಿಗೆ ಜಾಗ ಆಗತೈತಿ.
"ಅದರಾಗ ನನಗೇನು?"

ಒಂಬತ್ತು ವರ್ಷದಾಕಿ.
ಕಾಲೇಜಿನಾಗ ನಾನೂ ಚೆಂಡು ಬಿಡಾಕಿ ಅಲ್ಲ.
ಲೇಸು ಬಿಚ್ಚಿ ಕಟ್ಟಿಕೊಂಡೆ.

ಮತ್ತ ಆಟ. ಮತ್ತ ಇರಿವಿ. ಮತ್ತ ಸೀಟಿ.
ಏಳೂಕಾಲಕ್ಕ, ಗೇಟಿನಾಗ ಸ್ಕೂಟಿಗಳು ಹಾರ್ನ್ ಹೊಡಿಯಾಕತ್ತಾಗ,
ಅಫ್ರೀನ ಕೊಟ್ಟಳು. ಓಡಿದಳು,
ಖಾಲಿ ಕೈ ಎತ್ತಿಕೊಂಡು,
ಚೀರಿಕೋತ, ನನಗ, ನನಗ!
ಇಬ್ಬರು ಆಕಿ ಹಿಂದ ಹೋದರು.

ಈಕಡೆ ದಾನೇಶ್ವರಿ ಸುತ್ತ ಯಾರೂ ಇಲ್ಲ.
ಆಕಿಗೇ ಗಾಬರಿ, ಇಷ್ಟು ಬಯಲು
ತನಗೊಬ್ಬಾಕಿಗೇ ಏನು ಅಂತ.
ಎರಡೂ ಕೈಲೆ ಹೊಟ್ಟಿಯಿಂದ ಎತ್ತಿ ಒಗದಳು.

ರಿಂಗಿಗೂ ತಾಗಲಿಲ್ಲ.
"ಬಿತ್ತು!" ಅಂದ ಗುರುಪಾದ, ಮೂಗು ಒರಸಿಕೋತ.
ಎಲ್ಲಾರೂ ನನ್ನ ಮಾರಿ ನೋಡಿದರು.
ಜಾಳಿಗಿ ಇಲ್ಲಲ್ಲ.
ನಾನೂ ಹೂಂ ಅಂದೆ.