ಹನ್ನೆರಡು ಟ್ಯೂಬು

ಗ್ರೀಕರ ಕತೆಯಂತೆ, ದುರ್ಗದ ಕೋಟೆ ಮೇಲೆ ಶೂಟಿಂಗು.
ಅವಳ ಮುಖ ನೋಡಿದವರು ಕಲ್ಲಾಗುತ್ತಾರೆ ಅಂದರು.
ಕಲ್ಲಿಗೇನು ಬರ ಇಲ್ಲಿ, ಅಂದೆ. ಯಾರೂ ನಗಲಿಲ್ಲ.

ಹಳೇ ಸೈಕಲ್ ಟ್ಯೂಬು ಹನ್ನೆರಡು ಒಯ್ದರು,
ಜೊತೆಗೆ ನನ್ನನ್ನೂ, ಪಂಪಿನ ಸಮೇತ.
ಬಂಡೆ ಮರೆಗೆ ಕೂತು ನಾನು ಗಾಳಿ ಹೊಡೆದರೆ
ಅವಳ ತಲೆ ಮೇಲೆ ಹಾವು ಏಳಬೇಕು.

ದಾವಣಗೆರೆಯವಳು. ನಾಟಕ ಕಂಪನಿ ಮುಚ್ಚಿದ ಮೇಲೆ
ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದಳಂತೆ.
ಮೂರು ದಿನ ನಾನು ಕಂಡದ್ದು ಬರೀ ಹಿಂಗತ್ತು:
ಬೆವರು, ರಬ್ಬರು ತಿಕ್ಕಿ ಕೆಂಪಾದ ಚರ್ಮ,
ಯಾವುದೋ ಸರ ಬಿಟ್ಟುಹೋದ ಬಿಳಿ ಗೆರೆ.
‘ಅಣ್ಣಾ, ಒಂಚೂರು ಗಾಳಿ ಇಳಸು,
ತಲೆ ಸಿಡೀತದೆ’ ಅಂದಳು, ತಿರುಗದೆ.

ಹೀರೊ ಬಂದ, ಬೆನ್ನು ಮುಂದಾಗಿ,
ಹಿತ್ತಾಳೆ ಹರಿವಾಣ ಹಿಡಿದು.
ಅದರೊಳಗೆ ಒಂದು ಗಳಿಗೆ
ನನಗೂ ಕಂಡಿತು ಆ ಮುಖ.
ಆಕಳಿಸುತ್ತಿದ್ದಳು.

ಟಾಕೀಸಿನಲ್ಲಿ ತಲೆ ಉರುಳಿದಾಗ ಸಿಳ್ಳೆಯೋ ಸಿಳ್ಳೆ.
ಹಾವು ಸಾಯುವ ಆ ಬುಸ್ ಇದೆಯಲ್ಲ,
ಅದು ನಾನು. ಹನ್ನೆರಡು ವಾಲ್ವು
ಒಂದೊಂದಾಗಿ ಬಿಚ್ಚಿದ್ದು, ಮೆಲ್ಲಗೆ,
ಅವಳಿಗೆ ನೋಯದ ಹಾಗೆ.
ಹೆಸರು ಓಡುವ ತನಕ ಕೂತಿದ್ದೆ.
ನನ್ನದು ಇರಲಿಲ್ಲ, ಸರಿ. ಅವಳದೂ.

ಹನ್ನೊಂದಕ್ಕೆ ತೇಪೆ ಹಾಕಿ ಮಾರಿದೆ.
ಒಂದಕ್ಕೆ ಹಸಿರು ಬಣ್ಣ ಬಿಡಲೇ ಇಲ್ಲ,
ಮೊಳೆಗೆ ನೇತು ಹಾಕಿದ್ದೇನೆ.
ಜೋಗಿಮಟ್ಟಿ ಕಡೆಯ ಗಾಳಿ ಬಂದರೆ
ತಲೆ ಎತ್ತುತ್ತದೆ.